ಕನ್ನಡವನ್ನು ಬಿಟ್ಟುಕೊಟ್ಟು ‘ಗಿವ್ ಅಪ್’ ಕಲಿಯಬಹುದೇ?

ಅಮೀರ್‌ಪೇಟೆಯ ಮೈತ್ರಿವನದ ಸುತ್ತ ಒಂದು ಸಂಜೆ ಅಡ್ಡಾಡಿದವರಿಗೆ ಹೈದರಾಬಾದಿನ ಒಂದು ಬಗೆಯ ಹಸಿವು ಕಣ್ಣಿಗೆ ಬೀಳದೆ ಇರದು. ಗೋಡೆಯ ತುಂಬ ಫಲಕಗಳು, ಫಲಕಗಳ ತುಂಬ ಕಂಪ್ಯೂಟರ್ ಭಾಷೆಗಳ ಹೆಸರುಗಳು, ಅವುಗಳ ಪಕ್ಕದಲ್ಲಿ ತಪ್ಪದೆ ಸ್ಪೋಕನ್ ಇಂಗ್ಲಿಷ್. ಬೀದರ, ಕಲಬುರಗಿ, ರಾಯಚೂರುಗಳಿಂದ ರೈಲು ಹತ್ತಿ ಬರುವ ನಮ್ಮ ಹುಡುಗರು, ಹುಡುಗಿಯರು ಇಲ್ಲಿಯೇ ಕೋಣೆ ಹಿಡಿದು, ಇಲ್ಲಿಯೇ ಊಟ ಮಾಡಿ, ಇಲ್ಲಿಯೇ ತಮ್ಮ ಮುಂದಿನ ಬದುಕನ್ನು ಕೊಂಡುಕೊಳ್ಳಲು ಯತ್ನಿಸುತ್ತಾರೆ. ಅವರ ಬಗ್ಗೆ ನಮಗೆ ಗೌರವವಿದೆ. ನಮ್ಮ ಆಕ್ಷೇಪವಿರುವುದು ಅವರ ಕೈಗೆ ಕೊಡಲಾಗುವ ಸರಕಿನ ಬಗ್ಗೆ.

ನಮ್ಮ ಬಳಗದ ತರುಣನೊಬ್ಬ ಅಂಥದೊಂದು ಜೆರಾಕ್ಸ್ ಪುಸ್ತಿಕೆಯನ್ನು ತಂದು ತೋರಿಸಿದ. ಮುನ್ನೂರು ಫ್ರೇಸಲ್ ವರ್ಬುಗಳು, ದಿನಕ್ಕೆ ಹತ್ತರಂತೆ ಮೂವತ್ತು ದಿನ. ಎಡಗಡೆ ಇಂಗ್ಲಿಷ್ ಪ್ರಯೋಗ, ಬಲಗಡೆ ಒಂದೇ ಪದದ ಅರ್ಥ, ಅದೂ ಇಂಗ್ಲಿಷಿನಲ್ಲಿಯೇ. ಆತ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದ. ‘ಪುಟ್ ಆಫ್’ ಎಂದರೆ ‘ಪೋಸ್ಟ್‌ಪೋನ್’ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಕೆಲಸ ಸಿಕ್ಕ ಎರಡನೆಯ ತಿಂಗಳು, ಶುಕ್ರವಾರ ರಾತ್ರಿ, ಹೊರದೇಶದ ಮೇಲಧಿಕಾರಿ ಫೋನಿನಲ್ಲಿ ಒಂದು ಕೆಲಸವನ್ನು ಹೆಸರಿಸಿ ಸೋಮವಾರದವರೆಗೆ ‘ಪುಟ್ ಇಟ್ ಆಫ್’ ಎಂದರು. ಅವರು ಹೇಳಿದ್ದು ಇನ್ನೂ ಆರಂಭವಾಗದ ಮುಂದಿನ ಹಂತವನ್ನು ಮುಂದಕ್ಕೆ ಹಾಕುವ ಮಾತು. ನಮ್ಮ ಹುಡುಗನಿಗೆ ಕೇಳಿಸಿದ್ದು, ಶಾಲೆಯಲ್ಲಿ ಮೇಷ್ಟರು ದಿನವೂ ಹೇಳುತ್ತಿದ್ದ ‘ಪುಟ್ ಆಫ್ ದ ಲೈಟ್’. ಆತ ನಡೆಯುತ್ತಿದ್ದ ಕೆಲಸವನ್ನೇ ಆರಿಸಿಬಿಟ್ಟ. ಎರಡು ದಿನಗಳ ಲೆಕ್ಕ ನಿಂತುಹೋಯಿತು. ಕೆಲಸ ಉಳಿಯಿತು, ಆದರೆ ಅಂದಿನಿಂದ ಆತ ಸಭೆಗಳಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದ.

ಈ ಪ್ರಸಂಗದಲ್ಲಿ ನಗುವಂಥದ್ದು ಏನೂ ಇಲ್ಲ. ಮುನ್ನೂರರಲ್ಲಿ ಒಂದಾದ ಆ ಪ್ರಯೋಗ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒದಗಲಿಲ್ಲ. ಕಲಿಸಿದವರು ಇದನ್ನು ಅಭ್ಯಾಸದ ಕೊರತೆ ಎಂದು ಕೈತೊಳೆದುಕೊಳ್ಳುತ್ತಾರೆ. ಇನ್ನೂ ಮುನ್ನೂರರ ಮತ್ತೊಂದು ಪುಸ್ತಿಕೆಯನ್ನು ಮಾರುತ್ತಾರೆ. ನಾವು ಹೇಳುವುದು ಬೇರೆ. ಪಟ್ಟಿಯಿಂದ ಫ್ರೇಸಲ್ ವರ್ಬ್ ಬಾರದು. ಅದು ಬರಬಹುದಾದ ದಾರಿ ಕನ್ನಡದ ಮಗುವಿನ ನಾಲಗೆಯಲ್ಲಿ ಮೊದಲೇ ಇದೆ. ಆ ದಾರಿಯನ್ನು ಮುಚ್ಚುತ್ತಿರುವವರು ಬರಿಯ ತರಬೇತಿ ಅಂಗಡಿಯವರಲ್ಲ, ಹೊರನಾಡ ಕನ್ನಡಿಗರಾದ ನಾವೇ.

ಮೊದಲು ವಿಷಯ ಸ್ಪಷ್ಟವಾಗಲಿ. ‘ಗಿವ್’, ‘ಟೇಕ್’, ‘ಪುಟ್’, ‘ಲುಕ್’ನಂಥ ಸಣ್ಣ ಕ್ರಿಯಾಪದಗಳಿಗೆ ‘ಅಪ್’, ‘ಆಫ್’, ‘ಔಟ್’, ‘ಆಫ್ಟರ್’ ಎಂಬ ಬಾಲಗಳು ಸೇರಿದಾಗ ಮೂಲದ ಅರ್ಥ ಹೊರಳಿಬಿಡುತ್ತದೆ. ಪರಭಾಷೆಯವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿಯೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಗುರುತಿಸಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಬಳಕೆಗೆ ತಂದ. ತೊಡಕು ಹಳೆಯದು, ಹೆಸರು ಹೊಸದು. ನಡುವಿನ ಕಾಲದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಮಾತ್ರ ಕಚೇರಿಯ, ಪಠ್ಯಪುಸ್ತಕದ ಇಂಗ್ಲಿಷ್. ಅದು ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಡಿಸ್ಕವರ್’ಗಳನ್ನು ಕಲಿಸಿತು; ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಫೈಂಡ್ ಔಟ್’ಗಳನ್ನು ಬಾಗಿಲ ಹೊರಗೇ ನಿಲ್ಲಿಸಿತು. ಇಂದು ನಮ್ಮ ಮಕ್ಕಳು ಅರ್ಜಿ ಬರೆಯಬಲ್ಲರು, ಹರಟೆ ಹೊಡೆಯಲಾರರು. ಉದ್ಯೋಗವೋ ಬರವಣಿಗೆಗಿಂತ ಹೆಚ್ಚಾಗಿ ಹರಟೆಯಂಥ ಮಾತಿನ ಮೇಲೆ ನಿಂತಿದೆ.

ಆ ಬಾಲಗಳಿಗೆ ತರ್ಕವಿಲ್ಲ, ಆದ್ದರಿಂದ ಬಾಯಿಪಾಠವೊಂದೇ ಗತಿ ಎಂಬುದು ಪಟ್ಟಿ ಮಾರುವವರ ಮೂಲಮಂತ್ರ. ಇದು ಸುಳ್ಳು. 1981ರಲ್ಲಿ ಸೂಸನ್ ಲಿಂಡ್ನರ್ ಎಂಬ ವಿದ್ವಾಂಸೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘ಅಪ್’ ಮತ್ತು ‘ಔಟ್’ಗಳಿರುವ ಪ್ರಯೋಗಗಳನ್ನೇ ಕೈಗೆತ್ತಿಕೊಂಡು, ಅವುಗಳಲ್ಲಿ ಅರ್ಥದ ಜಾಡುಗಳಿವೆ ಎಂದು ತೋರಿಸಿದರು. ‘ಈಟ್ ಅಪ್’, ‘ಯೂಸ್ ಅಪ್’, ‘ಡ್ರೈ ಅಪ್’ಗಳಲ್ಲಿ ‘ಅಪ್’ ಆಕಾಶವನ್ನು ತೋರಿಸುವುದಿಲ್ಲ. ಕೆಲಸ ಪೂರ್ತಿಯಾಯಿತು, ಏನೂ ಉಳಿಯಲಿಲ್ಲ ಎಂದು ಹೇಳುತ್ತದೆ. ಪಾತ್ರೆ ತುಂಬುತ್ತ ನೀರು ಮೇಲೇರಿ ಅಂಚು ಮುಟ್ಟುವಂತೆ ಅದನ್ನು ಕಲ್ಪಿಸಿಕೊಳ್ಳಬಹುದು. ಜಾಡು ಹಿಡಿದವನಿಗೆ ಹೊಸ ಪ್ರಯೋಗ ಎದುರಾದರೂ ಅರ್ಧದಷ್ಟಾದರೂ ಊಹೆ ಸಾಧ್ಯ. ಪಟ್ಟಿ ಹಿಡಿದವನಿಗೆ ಮುನ್ನೂರ ಒಂದನೆಯದು ಸದಾ ಅಪರಿಚಿತ.

ಇನ್ನೊಂದು ಮಾತು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಬೋಧನಾ ಪ್ರಯೋಗ ಜಗತ್ತಿನಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಪರಿಚಿತ. ಮಕ್ಕಳ ಮನಸ್ಸು ಅರ್ಥದ ಮೇಲೆ, ಬಿಡಿಸಬೇಕಾದ ಸಮಸ್ಯೆಯ ಮೇಲೆ ನೆಟ್ಟಿರುವಾಗಲೇ ಭಾಷೆಯ ರೂಪಗಳು ಒಳಗಿಳಿಯುತ್ತವೆ ಎಂಬುದು ಅದರ ತಿರುಳು. ನಮ್ಮ ನೆಲದ ತರಗತಿಗಳಲ್ಲಿ ಹುಟ್ಟಿದ ಈ ತಿಳಿವಳಿಕೆಯನ್ನು ಹೊರದೇಶದವರು ಓದಿ ಚರ್ಚಿಸಿದರು. ನಾವು ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಂತಿದ್ದೇವೆ.

ಈಗ ಕನ್ನಡಕ್ಕೆ ಬರೋಣ. ‘ನೋಡು’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಅಜ್ಜಿ ಮೊಮ್ಮಗಳಿಗೆ, “ಅವ್ವಾ, ತಮ್ಮನ್ನ ಸ್ವಲ್ಪ ನೋಡ್ಕೋ” ಎಂದಾಗ ಆ ಹುಡುಗಿ ತಮ್ಮನನ್ನು ಕಣ್ಣರಳಿಸಿ ನೋಡುತ್ತ ಕೂರುವುದಿಲ್ಲ. ಅವನು ಬೀಳದಂತೆ, ಅಳದಂತೆ ಕಾಯುತ್ತಾಳೆ. ‘ನೋಡು’ವಿಗೆ ‘ಕೊಳ್ಳು’ ಸೇರಿ ಕಣ್ಣಿನ ಕೆಲಸ ಕರುಳಿನ ಕೆಲಸವಾಯಿತು. ಇಂಗ್ಲಿಷಿನ ‘ಲುಕ್’ಗೆ ‘ಆಫ್ಟರ್’ ಸೇರಿ ಆಗುವುದೂ ಇದೇ. ಐದು ವರ್ಷದ ಕನ್ನಡದ ಮಗುವಿಗೆ ಈ ಹೊರಳು ಯಾರೂ ಕಲಿಸದೆ ಗೊತ್ತಿದೆ. ‘ಕಂಡುಹಿಡಿ’ ಎಂಬಲ್ಲಿ ಕಾಣುವುದೂ ಹಿಡಿಯುವುದೂ ಕೂಡಿ ‘ಫೈಂಡ್ ಔಟ್’ ಆಗುತ್ತದೆ. ಅಂಗಿಯನ್ನು ‘ಹಾಕಿಕೊ’ ಎಂದರೆ ‘ಪುಟ್ ಆನ್’. ‘ಹಾಕಿಕೊಂಡು ನೋಡು’ ಎಂದರೆ ‘ಟ್ರೈ ಆನ್’. ‘ಎತ್ತಿಡು’ ಎಂದರೆ ‘ಪುಟ್ ಅವೇ’; ‘ತಾಳಿಕೊ’ ಎಂದರೆ ‘ಪುಟ್ ಅಪ್ ವಿತ್’. ‘ಬತ್ತಿಹೋಯಿತು’ ಎಂಬಲ್ಲಿ ಕೆರೆಯ ನೀರು ಎಲ್ಲಿಗೂ ನಡೆದುಹೋಗಲಿಲ್ಲ. ‘ಡ್ರೈ ಅಪ್’ನ ‘ಅಪ್’ ಮಾಡುವ ಕೆಲಸವನ್ನು ಇಲ್ಲಿ ‘ಹೋಗು’ ಮಾಡುತ್ತಿದೆ. ‘ತಿಂದುಬಿಟ್ಟ’ ಎಂಬಲ್ಲಿ ಬಿಟ್ಟದ್ದು ಏನನ್ನೂ ಅಲ್ಲ, ತಟ್ಟೆ ಖಾಲಿಯಾಗಿದೆ ಅಷ್ಟೆ.

ದಿಕ್ಕಿನ ಮಾತುಗಳೂ ಕನ್ನಡಕ್ಕೆ ಹೊಸವಲ್ಲ. ‘ಮುಂದುವರಿ’, ‘ಹಿಂತೆಗೆದುಕೊ’, ‘ಹೊರಹಾಕು’, ‘ಮೇಲೇಳು’ ಇವೆಲ್ಲ ‘ಗೋ ಆನ್’, ‘ಟೇಕ್ ಬ್ಯಾಕ್’, ‘ಥ್ರೋ ಔಟ್’, ‘ಗೆಟ್ ಅಪ್’ಗಳ ಒಡಹುಟ್ಟುಗಳಂತಿವೆ. ನಮ್ಮ ತರುಣ ಎಡವಿದ ‘ಪುಟ್ ಆಫ್’ ಅನ್ನೇ ನೋಡಿ. ಅದರ ಕನ್ನಡ ‘ಮುಂದಕ್ಕೆ ಹಾಕು’. ಹಾಕುವುದೂ ಇದೆ, ದಿಕ್ಕೂ ಇದೆ. ಇಂಗ್ಲಿಷಿನವನು ಕೆಲಸವನ್ನು ತನ್ನಿಂದ ಆಚೆಗೆ ಹಾಕುತ್ತಾನೆ, ಕನ್ನಡದವನು ಮುಂದಕ್ಕೆ ಹಾಕುತ್ತಾನೆ. ಇಬ್ಬರೂ ಇಂದಿನ ಕೆಲಸವನ್ನು ಇಂದಿನ ಜಾಗದಿಂದ ಸರಿಸುತ್ತಿದ್ದಾರೆ. ಇಷ್ಟನ್ನು ಯಾರಾದರೂ ಒಂದು ನಿಮಿಷ ಕನ್ನಡದಲ್ಲಿ ಹೇಳಿದ್ದರೆ, ಆ ಶುಕ್ರವಾರ ರಾತ್ರಿ ಅವನಿಗೆ ದೀಪದ ಸ್ವಿಚ್ಚು ನೆನಪಾಗುತ್ತಿರಲಿಲ್ಲ ಎಂದು ನಾವು ನಂಬುತ್ತೇವೆ.

‘ಗಿವ್ ಅಪ್’ ಇನ್ನೂ ಸ್ವಾರಸ್ಯದ್ದು. ಸಿಗರೇಟನ್ನು ‘ಗಿವ್ ಅಪ್’ ಮಾಡುವವನು ಕನ್ನಡದಲ್ಲಿ ‘ಬಿಟ್ಟುಬಿಡು’ತ್ತಾನೆ. ಕೋಟೆಯನ್ನು ಶತ್ರುವಿಗೆ ಒಪ್ಪಿಸುವವನು ‘ಬಿಟ್ಟುಕೊಡು’ತ್ತಾನೆ. ರೋಗಿಯ ಬಗ್ಗೆ ಆಸೆ ತೊರೆದ ವೈದ್ಯ ‘ಕೈಬಿಡು’ತ್ತಾನೆ. ಇಂಗ್ಲಿಷ್ ಒಂದೇ ಜೋಡಿಯಲ್ಲಿ ಹೇಳುವುದನ್ನು ಕನ್ನಡ ಮೂರಾಗಿ ಬಿಡಿಸಿ ಕೊಡುತ್ತದೆ. ಪಟ್ಟಿಯಲ್ಲಿ ‘ಗಿವ್ ಅಪ್’ನ ಎದುರು ಇರುವುದು ‘ಸ್ಟಾಪ್’ ಎಂಬ ಒಂದೇ ಬಡ ಪದ.

ಇಂಗ್ಲಿಷಿನ ಬಾಲವೂ ಕನ್ನಡದ ಎರಡನೆಯ ಕ್ರಿಯಾಪದವೂ ಒಂದೇ ಅಲ್ಲ, ನಮಗೆ ಗೊತ್ತಿದೆ. ಅಲ್ಲಿ ಬಾಲವಾಗುವುದು ಬಹುಮಟ್ಟಿಗೆ ದಿಕ್ಕಿನ ಪದ, ಇಲ್ಲಿ ಇನ್ನೊಂದು ಕ್ರಿಯಾಪದ. ಅಲ್ಲಿ ‘ಪುಟ್ ಆಫ್’ನಂಥವುಗಳಲ್ಲಿ ‘ಇಟ್’ ಎಂಬುದು ನಡುವೆ ಬಂದು ಕೂರಲೇಬೇಕು, ‘ಪುಟ್ ಆಫ್ ಇಟ್’ ಎನ್ನುವಂತಿಲ್ಲ. ಇಲ್ಲಿ ನಡುವೆ ನುಸುಳಬಲ್ಲದ್ದು ಹೆಚ್ಚೆಂದರೆ ಒತ್ತಿನ ಏಕಾರ, ‘ಹೋಗಿಯೇಬಿಟ್ಟ’ ಎಂಬಂತೆ. ಜಾಡು ಸಿಕ್ಕಿತೆಂದು ಎಲ್ಲ ಕಡೆ ಓಡಿದರೆ ಜಾರುವುದೂ ಉಂಟು. ‘ಕೋಪ್ ವಿತ್’ ಎಂಬುದನ್ನು ಭಾರತೀಯರು ‘ಕೋಪ್ ಅಪ್ ವಿತ್’ ಮಾಡಿದ್ದು ಹೀಗೆಯೇ ಇರಬೇಕು. ಕಾಲೇಜು ಮುಗಿಸಿದ್ದಕ್ಕೆ ನಾವು ‘ಪಾಸ್ ಔಟ್’ ಎಂದರೆ ಅಮೆರಿಕದವನು ಪ್ರಜ್ಞೆ ತಪ್ಪಿತೆಂದು ತಿಳಿದಾನು. ಇವುಗಳನ್ನು ತಿದ್ದಬೇಕು, ಸರಿ. ಆದರೆ ತಿದ್ದುವ ಗುರು ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ತೋರಿಸಬೇಕು. ಅಗಲುವ ಜಾಗ ಕಾಣಬೇಕಾದರೂ ಎರಡೂ ಕಣ್ಣೆದುರಿಗಿರಬೇಕಲ್ಲವೇ?

ಸಾಹಿತ್ಯವನ್ನು ಪ್ರೀತಿಸುವ ಓದುಗರಿಗೆ ಇನ್ನೊಂದು ಹೋಲಿಕೆ ರುಚಿಸಬಹುದು. ಇಂಗ್ಲಿಷಿನಲ್ಲಿ ಲ್ಯಾಟಿನ್, ಫ್ರೆಂಚ್ ಮೂಲದ ಘನವಾದ ಪದಗಳು ಒಂದು ಕಡೆ, ಮನೆಮಾತಿನ ಫ್ರೇಸಲ್ ವರ್ಬುಗಳು ಇನ್ನೊಂದು ಕಡೆ. ಕನ್ನಡದಲ್ಲಿ ಸಂಸ್ಕೃತದಿಂದ ಬಂದ ಪದಗಳು ಒಂದು ಕಡೆ, ಅಚ್ಚಗನ್ನಡದ ಜೋಡಿ ಪದಗಳು ಇನ್ನೊಂದು ಕಡೆ. ‘ಅಬ್ಯಾಂಡನ್’ಗೆ ‘ಗಿವ್ ಅಪ್’ ಹೇಗೋ ‘ತ್ಯಜಿಸು’ವಿಗೆ ‘ಬಿಟ್ಟುಬಿಡು’ ಹಾಗೆ. ‘ಟಾಲರೇಟ್’ಗೆ ‘ಪುಟ್ ಅಪ್ ವಿತ್’ ಹೇಗೋ ‘ಸಹಿಸು’ವಿಗೆ ‘ತಾಳಿಕೊ’ ಹಾಗೆ. ಮನೆಯಲ್ಲಿ ಯಾರೂ ಮಗುವಿಗೆ “ಹಠವನ್ನು ತ್ಯಜಿಸು” ಎನ್ನುವುದಿಲ್ಲ. ಎಲ್ಲಿ ಯಾವುದನ್ನು ಬಳಸಬೇಕೆಂಬ ವಿವೇಕ ಕನ್ನಡ ಬಲ್ಲ ಮಗುವಿಗೆ ಉಸಿರಿನಷ್ಟು ಸಹಜ. ಅದೇ ವಿವೇಕವನ್ನು ಇಂಗ್ಲಿಷಿಗೆ ದಾಟಿಸುವುದು ಗುರುವಿನ ಕೆಲಸ. ವಿವೇಕವೇ ಇಲ್ಲದ ಮಗುವಿಗೆ ಏನನ್ನು ದಾಟಿಸುತ್ತೀರಿ?

ಹೈದರಾಬಾದು ಈ ಪಾಠಕ್ಕೆ ಹೇಳಿ ಮಾಡಿಸಿದ ಊರು. ಕೋಲು ಮುರಿದರೆ ಕಾಚಿಗುಡದ ಕನ್ನಡ ಮನೆಯಲ್ಲಿ ‘ಮುರಿದುಹೋಯಿತು’, ಪಕ್ಕದ ತೆಲುಗು ಮನೆಯಲ್ಲಿ ‘ವಿರಿಗಿಪೋಯಿಂದಿ’, ಎದುರಿನ ಉರ್ದು ಮನೆಯಲ್ಲಿ ‘ಟೂಟ್ ಗಯಾ’. ಮೂರರಲ್ಲಿಯೂ ಮುರಿಯುವುದರ ಜೊತೆಗೆ ‘ಹೋಗು’ ಕೂಡಿಕೊಂಡಿದೆ. ಎರಡು ಭಾಷೆಗಳು ದ್ರಾವಿಡ ಕುಲದವು, ಒಂದು ಆರ್ಯ ಕುಲದ್ದು. ಬಳಕೆಯ ಗುಟ್ಟು ಒಂದೇ. ಬೇರೆ ಬೇರೆ ಕುಲದ ಭಾರತೀಯ ಭಾಷೆಗಳು ಒಟ್ಟಿಗೆ ಬಾಳಿ ಒಂದೇ ಗುಣಗಳನ್ನು ಹಂಚಿಕೊಂಡಿವೆ ಎಂಬ ವಿಚಾರವನ್ನು ಮರ್ರಿ ಎಮೆನೊ 1956ರಲ್ಲಿ ಮಂಡಿಸಿದರು. ಕಾಲಿನ್ ಮಸಿಕಾ 1976ರ ತಮ್ಮ ಗ್ರಂಥದಲ್ಲಿ ಇಂಥ ಸಂಯುಕ್ತ ಕ್ರಿಯಾಪದವನ್ನು ಆ ಗುಣಗಳಲ್ಲಿ ಒಂದೆಂದು ವಿವರವಾಗಿ ಪರಿಶೀಲಿಸಿದರು. ಆ 1956 ನಮಗೆ ಮರೆಯಲಾಗದ ವರ್ಷ. ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದು ರಾಜ್ಯದಿಂದ ಬಿಡಿಸಿಕೊಂಡು ಕನ್ನಡನಾಡನ್ನು ಕೂಡಿದ್ದು ಅದೇ ವರ್ಷ. ಗಡಿಗಳು ಭಾಷೆಗಳನ್ನು ಬೇರೆ ಮಾಡಿದಾಗಲೂ ನಾಲಗೆಗಳು ಒಂದೇ ಕಸುಬನ್ನು ಮಾಡುತ್ತಿದ್ದವು. ಇಲ್ಲಿನ ನಮ್ಮ ಮಗು ಮೂರು ಭಾಷೆಗಳಲ್ಲಿ ಈ ಕಸುಬನ್ನು ಕೇಳುತ್ತ ಬೆಳೆಯುತ್ತದೆ. ನಾಲ್ಕನೆಯ ಭಾಷೆಗೆ ಬಂದಾಗ ಮಾತ್ರ ಅದಕ್ಕೆ ಏನೂ ಗೊತ್ತಿಲ್ಲವೆಂಬಂತೆ ಪಟ್ಟಿ ಕೊಡುತ್ತೇವೆ.

ಈಗ ನಮ್ಮ ಮನೆಗಳ ಒಳಗೆ ಬರೋಣ; ಇಲ್ಲಿಯೇ ನಮಗೆ ಹೆಚ್ಚು ನೋವಿದೆ. ಗಚ್ಚಿಬೌಲಿ, ಕೊಂಡಾಪುರಗಳ ಕನ್ನಡ ಮನೆಗಳಲ್ಲಿ ಮಗುವಿನೊಡನೆ ಆಡುವ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ. “ಈಟ್ ಮಾಡು, ಫಿನಿಶ್ ಮಾಡು, ಟ್ರೈ ಮಾಡು, ಕ್ಲೀನ್ ಮಾಡು, ತಮ್ಮನ್ನ ಲುಕ್ ಆಫ್ಟರ್ ಮಾಡು.” ಕನ್ನಡದ ಕ್ರಿಯಾಪದಗಳೆಲ್ಲ ಒಂದೊಂದಾಗಿ ಮನೆ ಬಿಟ್ಟು ಹೋಗಿ ‘ಮಾಡು’ ಒಂದೇ ಉಳಿದುಕೊಂಡಿದೆ. ಈ ಮಗು ‘ತಿಂದುನೋಡು’, ‘ಎತ್ತಿಡು’, ‘ನೋಡಿಕೊ’ಗಳನ್ನು ಕೇಳಿಯೇ ಇಲ್ಲ. ಅದಕ್ಕೆ ಇಂಗ್ಲಿಷಾದರೂ ಬಂದಿತೇ? ಅದೂ ಇಲ್ಲ. ‘ಲುಕ್ ಆಫ್ಟರ್ ಮಾಡು’ ಎಂಬಲ್ಲಿ ಇಂಗ್ಲಿಷಿನ ಕ್ರಿಯಾಪದ ಹೆಣದಂತೆ ಬಿದ್ದಿದೆ. ಕಾಲ, ವಚನ ಯಾವುದನ್ನೂ ಅದು ಹೊರುವುದಿಲ್ಲ, ಹೊರುವ ಕೆಲಸವೆಲ್ಲ ‘ಮಾಡು’ವಿನದು. ಇಂಗ್ಲಿಷ್ ಕಲಿಸಿದೆವೆಂದು ತಂದೆತಾಯಿ ಹಿಗ್ಗುತ್ತಾರೆ. ಕಲಿಸಿದ್ದು ಹೆಸರುಗಳ ಪಟ್ಟಿಯನ್ನು. ಅಮೀರ್‌ಪೇಟೆಯ ಪುಸ್ತಿಕೆ ಬಾಲ್ಯದಲ್ಲಿಯೇ ಆರಂಭವಾಗಿದೆ.

ಇದಕ್ಕೆ ಬರುವ ಉತ್ತರಗಳು ನಮಗೆ ಗೊತ್ತು. “ಅನ್ನ ಹುಟ್ಟುವುದು ಇಂಗ್ಲಿಷಿನಿಂದ, 2018ರ ಕಾನೂನಿನಿಂದ ಶಾಲೆಯಲ್ಲಿ ತೆಲುಗೂ ಕಡ್ಡಾಯ, ಹಿಂದಿಯೂ ಇದೆ. ಮಗುವಿನ ತಲೆಯಲ್ಲಿ ಕನ್ನಡಕ್ಕೆ ಜಾಗವೆಲ್ಲಿ?” ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಅನ್ನದ ಪ್ರಶ್ನೆಯನ್ನು ಹಗುರವಾಗಿ ಕಾಣುವವರೂ ನಾವಲ್ಲ. ಆದರೆ ತಲೆ ಎಂಬುದು ಬಾಡಿಗೆ ಕೋಣೆಯಲ್ಲ, ಒಬ್ಬರನ್ನು ಹೊರಹಾಕಿ ಇನ್ನೊಬ್ಬರನ್ನು ತುಂಬಿಕೊಳ್ಳಲು. ನಮ್ಮ ಹಿರಿಯರು ನಿಜಾಮರ ಕಾಲದಲ್ಲಿ ಕಚೇರಿಗಾಗಿ ಉರ್ದು ಕಲಿತರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೇ ಉರ್ದುವಿನಲ್ಲಿ ಕೊಟ್ಟಿತು. ಆ ಹಿರಿಯರು ಉರ್ದುವಿನಲ್ಲಿ ತೀರ್ಪು ಓದಿ, ಮನೆಗೆ ಬಂದು ಕನ್ನಡದಲ್ಲಿ ವಚನ ಓದಿದರು. ಒಂದು ಇನ್ನೊಂದಕ್ಕೆ ಅಡ್ಡ ಬಂದಿತೆಂದು ಅವರಿಗೆ ಅನ್ನಿಸಲಿಲ್ಲ.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಉಸ್ಮಾನಿಯಾದ ನೆರೆಯಲ್ಲಿಯೇ ಇದೆ. 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಆರಂಭವಾಯಿತು. ಅದೇ ಬೆಳೆದು ಇಂದಿನ ಇಫ್ಲು ಆಗಿದೆ. ಭಾರತದ ಇಂಗ್ಲಿಷ್ ಅಧ್ಯಾಪಕರನ್ನು ತರಬೇತುಗೊಳಿಸಲು ಹುಟ್ಟಿದ ಆ ಸಂಸ್ಥೆಗೆ ನಿರ್ದೇಶಕರಾಗಿದ್ದವರು ವಿನಾಯಕ ಕೃಷ್ಣ ಗೋಕಾಕರು. ಆಕ್ಸ್‌ಫರ್ಡಿನಲ್ಲಿ ಓದಿದವರು, ಇಂಗ್ಲಿಷ್ ಪ್ರಾಧ್ಯಾಪಕರು, ಕನ್ನಡದ ಮಹಾಕವಿ. ಮುಂದೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಅವರ ಹೆಸರಿನ ಚಳವಳಿಯನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಇಂಗ್ಲಿಷನ್ನು ಬಲ್ಲವರೇ ಕನ್ನಡ ಮೊದಲು ಎಂದರು. ಇಂಗ್ಲಿಷಿಗೆ ಹೆದರುವ ನಾವು ಕನ್ನಡ ಕೊನೆಗೆ ಎನ್ನುತ್ತಿದ್ದೇವೆ.

ಹಾಗಾದರೆ ಏನು ಮಾಡಬೇಕು? ತಂದೆತಾಯಿಗಳಲ್ಲಿ ನಮ್ಮ ಮೊದಲ ಬಿನ್ನಹ: ಮನೆಯಲ್ಲಿ ಕ್ರಿಯಾಪದಗಳನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳಿ. ಫ್ರಿಜ್, ಬಸ್ಸು, ಮೊಬೈಲುಗಳಿಗೆ ಕನ್ನಡ ಪದ ಹುಡುಕುವ ಗೋಜು ಬೇಡ. ನಾಮಪದಗಳು ಬಂದು ಹೋಗುವ ನೆಂಟರು. ಕ್ರಿಯಾಪದ ಹೋದರೆ ಮನೆಯ ಒಲೆಯೇ ಆರಿದಂತೆ. “ಕ್ಲೀನ್ ಅಪ್ ಮಾಡು” ಎನ್ನುವ ಬದಲು “ಗುಡಿಸಿಬಿಡು, ಒರೆಸಿಡು” ಎನ್ನಿ. ಬಳಿಕ ಅದೇ ಮಾತನ್ನು ಪೂರ್ತಿ ಇಂಗ್ಲಿಷಿನಲ್ಲಿಯೂ ಹೇಳಿ. ಎರಡು ಇಡೀ ವಾಕ್ಯಗಳು ಒಂದು ಬೆರಕೆ ವಾಕ್ಯಕ್ಕಿಂತ ಮೇಲು.

ಎರಡನೆಯದು, ತರಬೇತಿ ಪಡೆಯುವ ತರುಣರಿಗೆ: ಮುನ್ನೂರರ ಪಟ್ಟಿಯನ್ನು ಬದಿಗಿಡಿ. ‘ಅಪ್’, ‘ಔಟ್’, ‘ಆಫ್’, ‘ಆನ್’, ‘ಡೌನ್’, ‘ಓವರ್’ ಎಂಬ ಆರು ಬಾಲಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇನ್ನೊಂದು ಹಾಳೆಯಲ್ಲಿ ‘ಬಿಡು’, ‘ಹಾಕು’, ‘ಹೋಗು’, ‘ಕೊಳ್ಳು’, ‘ಕೊಡು’, ‘ಇಡು’, ‘ನೋಡು’ ಎಂಬ ಏಳನ್ನು ಬರೆಯಿರಿ. ಸಿನಿಮಾದಲ್ಲಿ, ಕಚೇರಿಯಲ್ಲಿ ಒಂದು ಫ್ರೇಸಲ್ ವರ್ಬ್ ಕಿವಿಗೆ ಬಿದ್ದಾಗ, ಇದನ್ನು ನಮ್ಮ ಅವ್ವ ಹೇಗೆ ಹೇಳುತ್ತಿದ್ದಳು ಎಂದು ಕೇಳಿಕೊಳ್ಳಿ. ಉತ್ತರ ಬಹಳ ಸಲ ಈ ಏಳರಲ್ಲಿ ಒಂದರ ಬೆನ್ನೇರಿ ಬರುತ್ತದೆ. ಬಾರದಿದ್ದಾಗ, ಅದು ಕನ್ನಡಕ್ಕಿಂತ ಬೇರೆಯಾದ ಜಾಗವೆಂದು ಗುರುತು ಹಾಕಿಕೊಳ್ಳಿ. ಬಾಯಿಪಾಠಕ್ಕೆ ಯೋಗ್ಯವಾದವು ಅಂಥವು ಮಾತ್ರ.

ಮೂರನೆಯದು, ನಮಗೆ ನಾವೇ: ಹೊರನಾಡಿನ ಕನ್ನಡ ತರಗತಿಗಳನ್ನು ನಡೆಸುವ ನಾವು ಅಕ್ಷರಮಾಲೆ, ನಾಡಗೀತೆ, ರಾಜ್ಯೋತ್ಸವದ ನೃತ್ಯಗಳಲ್ಲಿ ತೃಪ್ತರಾಗಿದ್ದೇವೆ. ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷ್ ಹೆಚ್ಚು ಸಲೀಸಾಗಿ ಬರಬಲ್ಲದೆಂದು ಒಬ್ಬ ತಂದೆಗೂ ನಾವು ಕೂತು ತೋರಿಸಿಲ್ಲ. ಕನ್ನಡವನ್ನು ಅಭಿಮಾನದ ವಸ್ತುವಾಗಿ ಕೊಟ್ಟೆವೇ ಹೊರತು ಬಳಸುವ ಸಾಧನವಾಗಿ ಕೊಡಲಿಲ್ಲ. ಅಭಿಮಾನ ನವೆಂಬರಿಗೆ ಸಾಕು; ಉಳಿದ ಹನ್ನೊಂದು ತಿಂಗಳಿಗೆ ಸಾಧನ ಬೇಕು. ಈ ತಪ್ಪನ್ನು ಒಪ್ಪಿಕೊಳ್ಳದೆ ಅಮೀರ್‌ಪೇಟೆಯ ಕಡೆಗೆ ಬೆರಳು ತೋರಿಸುವ ಹಕ್ಕು ನಮಗಿಲ್ಲ.

ಆ ತರುಣ ಈಗ ಭಾನುವಾರಗಳಲ್ಲಿ ನಮ್ಮಲ್ಲಿಗೆ ಬರುತ್ತಾನೆ. ಕಳೆದ ವಾರ ಎಂಟು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ‘ಪುಟ್ ಆಫ್’ ಎಂದರೇನೆಂದು ತನ್ನ ಕಥೆಯನ್ನೇ ಹೇಳಿ ವಿವರಿಸಿದ. ಮಕ್ಕಳು ಬಿದ್ದುಬಿದ್ದು ನಕ್ಕರು. ಆಮೇಲೆ ಒಬ್ಬಳು ಹುಡುಗಿ, “ಅಣ್ಣಾ, ಹಂಗಾದ್ರ ಹೋಂವರ್ಕ್ ನಾಳೆಗೆ ಹಾಕೋದೂ ಪುಟ್ ಆಫೇ ಏನು?” ಎಂದು ಕೇಳಿದಳು. ಹೌದೆಂದ. ಅವಳ ಮನೆಯಲ್ಲಿ ಇನ್ನೂ ಯಾರೋ ‘ನಾಳೆಗೆ ಹಾಕು’ ಎಂದು ಕನ್ನಡದಲ್ಲಿ ಹೇಳುತ್ತಿದ್ದಾರೆ. ಅದಕ್ಕೇ ಅವಳಿಗೆ ಆ ಪ್ರಶ್ನೆ ಹುಟ್ಟಿತು.